ಹನ್ನೊಂದು ಕಿಲೋಮೀಟರಿನ ಸವಾರ

ಎಲ್ಲ ಅನರ್ಥಕ್ಕೂ ಮೂಲ ಒಂದು ಶಬ್ದ. 'ಕಿರ್' ಎಂದು ಶುರುವಾಗಿ 'ಟಿಕ್' ಎಂದು ಮುಗಿಯುವ ಆ ಶಬ್ದ ಅವನ ಬೈಕಿನಲ್ಲಿ ನಿಜವಾಗಿಯೂ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರಿಗೆ ಮಾತ್ರ ಅದು ತಪ್ಪದೆ ಕೇಳಿಸುತ್ತಿತ್ತು. ಅದೂ ಅವನು ದೂರ ಎಲ್ಲಿಗಾದರೂ ಹೊರಟ ದಿನವೇ ಕೇಳಿಸುತ್ತಿತ್ತು.

"ಏನಪ್ಪಾ, ಗಾಡಿ ಏನೋ ಗೊಣಗ್ತಿದೆಯಲ್ಲಾ?" ಎಂದು ಅವರು ಗೇಟಿನವರೆಗೆ ಬಂದು ಇಂಜಿನ್ನಿಗೆ ಕಿವಿಗೊಡುವರು. ಒಳಗಿಂದ ಹೆಂಡತಿ, "ಮೇಸ್ತ್ರಿಗೆ ಒಂದ್ಸಲ ತೋರಿಸ್ಬಿಡಿ, ಆಮೇಲೆ ಎಲ್ಲಿಗಾದ್ರೂ ಹೋಗಿ" ಎನ್ನುವಳು. ಮೇಸ್ತ್ರಿ ಎಂದರೆ ಬೀದಿಯ ಕೊನೆಯ ಗ್ಯಾರೇಜಿನವನು. ಅವನು ಬೈಕಿನ ಮೈದಡವಿ, ತಲೆ ಆಡಿಸಿ, "ಇಂಥಾ ಕಂಡೀಷನ್ನಲ್ಲಿ ದೂರ ಹೋಗ್ತೀರಾ ಸಾರ್? ಎರಡು ದಿನ ಬಿಡಿ. ಟ್ರಯಲ್ ಓಡಿಸಿ ಕೊಡ್ತೀನಿ" ಎನ್ನುವನು. ಅಲ್ಲಿಗೆ ಪ್ರವಾಸದ ಕತೆ ಮುಗಿಯಿತು. ಆರು ವರ್ಷದಲ್ಲಿ ಹೀಗೆ ಎಂಟು ಪ್ರವಾಸಗಳು ಗ್ಯಾರೇಜಿನ ಬಾಗಿಲಲ್ಲೇ ಸತ್ತಿದ್ದವು.

ಅವನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು, ಸಡಿಲವಾದ ಕಡ್ಡಿಗೆ ಎಳ್ಳಿನಷ್ಟು ಸ್ಕ್ರೂ ಹಾಕುವುದು. ಊರಿಗೆಲ್ಲ ದೂರದ್ದು ಕಾಣುವ ಹಾಗೆ ಮಾಡಿ ಕಳಿಸುವ ಆ ಪುಣ್ಯಾತ್ಮ ಸ್ವತಃ ನೋಡಿದ್ದ ಅತಿ ದೂರದ ವಸ್ತುವೆಂದರೆ ಅಂಗಡಿಯ ಗೋಡೆಯ ಮೇಲಿನ ಅಕ್ಷರಗಳ ಪಟ. ಮನೆಯಿಂದ ಅಂಗಡಿಗೆ ಐದೂವರೆ ಕಿಲೋಮೀಟರ್, ಅಂಗಡಿಯಿಂದ ಮನೆಗೆ ಐದೂವರೆ. ಆ ಹನ್ನೊಂದು ಕಿಲೋಮೀಟರಿಗೆ ಅವನಲ್ಲಿ ದಪ್ಪ ಜಾಕೆಟ್ಟು, ಮೊಣಕಾಲಿನವರೆಗಿನ ಬೂಟು, ಗಟ್ಟಿ ಕೈಗವಸು ಎಲ್ಲ ಇದ್ದವು. ಬೀದಿಯವರು ಅವನನ್ನು 'ಸವಾರ್ರು' ಎಂದು ಕರೆದು, ಅವನು ಬೆನ್ನು ತಿರುಗಿಸುವ ತನಕವೂ ಕಾಯದೆ ನಗುತ್ತಿದ್ದರು.

ಅವನಿಗಿದ್ದದ್ದು ಒಂದೇ ಆಸೆ. ನೂರ ಎಂಬತ್ತು ಕಿಲೋಮೀಟರ್ ಆಚೆ, ಬೆಟ್ಟದ ರಸ್ತೆಯ ನೆತ್ತಿಯ ಮೇಲೆ ಒಂದು ಟೀ ಅಂಗಡಿ ಇದೆ. ಅಲ್ಲಿಗೆ ಬೈಕಿನಲ್ಲಿ ಬಂದವರ ಫೋಟೋವನ್ನು ಗೋಡೆಗೆ ಹಾಕುತ್ತಾರೆ. ಆ ಗೋಡೆಯ ಮೇಲೆ ತನ್ನದೊಂದು ಫೋಟೋ ಇರಬೇಕು. ಬೇರೆಯವರು ಮನೆ ಕಟ್ಟಬೇಕು, ಮಂತ್ರಿಯಾಗಬೇಕು ಎಂದೆಲ್ಲ ಬಯಸುವಾಗ ಇವನಿಗೆ ಅಂಗೈಯಗಲದ ಒಂದು ಫೋಟೋ ಸಾಕಿತ್ತು. ಅದೂ ದಕ್ಕಬಾರದೆ?

ಈ ಸಲ ಅವನು ಯಾರಿಗೂ ಹೇಳಲಿಲ್ಲ. ಭಾನುವಾರ ಅಂಗಡಿಯಲ್ಲಿ ವರ್ಷದ ಸ್ಟಾಕ್ ತಪಾಸಣೆ ಇತ್ತು. ಹೆಂಡತಿಗೆ "ಸ್ಟಾಕ್ ಇದೆ, ಬೆಳಿಗ್ಗೆ ಬೇಗ ಹೋಗ್ಬೇಕು" ಎಂದ. ಅಂಗಡಿಯ ಯಜಮಾನರಿಗೆ "ಜ್ವರ ಸಾರ್, ಏಳೋಕೇ ಆಗ್ತಿಲ್ಲ" ಎಂದ. ಹುಟ್ಟಿದ ಮೇಲೆ ಮೊದಲ ಸಲ ಒಂದೇ ದಿನ ಎರಡು ಸುಳ್ಳು ಹೇಳಿ, ಫೋನ್ ಆಫ್ ಮಾಡಿ, ಬೆಳಗಿನ ಐದಕ್ಕೆ ಬೈಕನ್ನು ಬೀದಿಯ ತಿರುವಿನವರೆಗೆ ತಳ್ಳಿಕೊಂಡೇ ಹೋದ. ಅಲ್ಲಿ ಕಿಕ್ ಹೊಡೆದ. ಬೈಕು ಏಳಲಿಲ್ಲ. ಇಪ್ಪತ್ತೆರಡನೆಯ ಕಿಕ್ಕಿಗೆ, ಪಾಪ ಎಂದುಕೊಂಡು ಎದ್ದಿತು.

ಊರು ದಾಟಿದ ಮೇಲಿನ ಒಂದೂವರೆ ಗಂಟೆ ಅವನ ಬಾಳಿನಲ್ಲೇ ಒಳ್ಳೆಯ ಹೊತ್ತು. ಗಾಳಿ ಜಾಕೆಟ್ಟಿನ ತೋಳಿನೊಳಗೆ ನುಗ್ಗಿತು. ಬಿಸಿಲು ಮೊದಲು ಬೆನ್ನಿಗೆ ಬಿತ್ತು, ರಸ್ತೆ ತಿರುಗಿದಾಗ ಪಕ್ಕೆಗೆ ಬಿತ್ತು. ಯಾರೂ ಕರೆಯಲಿಲ್ಲ, ಯಾರೂ ಬುದ್ಧಿ ಹೇಳಲಿಲ್ಲ. ಹೆಲ್ಮೆಟ್ಟಿನೊಳಗೆ ಅವನು ಜೋರಾಗಿ ಹಾಡಿದ, ಅಪಸ್ವರ ಕೇಳಿ ತನಗೇ ನಗು ಬಂದು ಇನ್ನೂ ಜೋರಾಗಿ ಹಾಡಿದ. ಇಷ್ಟು ಸುಖ ಇಷ್ಟು ಹತ್ತಿರದಲ್ಲಿತ್ತಲ್ಲಾ, ಆರು ವರ್ಷ ಮಣ್ಣು ತಿನ್ನುತ್ತಿದ್ದೆನಾ ಎಂದು ಕಣ್ಣಲ್ಲಿ ನೀರೂ ಬಂತು.

ತೊಂಬತ್ತನೆಯ ಕಿಲೋಮೀಟರಿನ ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲ್ ಹಾಕುವವನು ಓಡಿ ಬಂದು ಟ್ಯಾಂಕನ್ನು ತಟ್ಟಿದ. "ಬಾ ರಾಜಾ! ಏನು, ಅಣ್ಣ ಬರ್ಲಿಲ್ವಾ?"

ದೂರದ ಸವಾರರು ಒಬ್ಬರನ್ನೊಬ್ಬರು ಅಣ್ಣತಮ್ಮಂದಿರೆಂದೇ ತಿಳಿಯುತ್ತಾರೆಂದು ಅವನು ಎಲ್ಲೋ ಓದಿದ್ದ. ಎದೆ ಉಬ್ಬಿತು. "ಬಂದೆನಲ್ಲಪ್ಪಾ!" ಎಂದ. ಪೆಟ್ರೋಲಿನವನು ಅವನ ಮುಖ ನೋಡಿದ, ನಂಬರ್ ಪ್ಲೇಟ್ ನೋಡಿದ, ಮತ್ತೆ ಮುಖ ನೋಡಿದ. ದುಡ್ಡನ್ನು ಎರಡು ಸಲ ಎಣಿಸಿಕೊಂಡ.

ಇನ್ನು ಮೂವತ್ತು ಕಿಲೋಮೀಟರ್ ಉಳಿದಿರುವಾಗ ಹಿಂದಿನ ಚಕ್ರ ಪಂಕ್ಚರ್ ಆಯಿತು. ಅದೃಷ್ಟಕ್ಕೆ ಇನ್ನೂರು ಹೆಜ್ಜೆ ತಳ್ಳುವಷ್ಟರಲ್ಲಿ ಪಂಕ್ಚರ್ ಅಂಗಡಿ ಸಿಕ್ಕಿತು. ಪಂಕ್ಚರಿನವನು ಟ್ಯೂಬು ಹೊರಗೆಳೆದು ಗಾಳಿ ತುಂಬಿ ನೀರಿನ ಬಾಂಡಲಿಯಲ್ಲಿ ಅದ್ದಿದವನು ಅಲ್ಲೇ ನಿಂತುಬಿಟ್ಟ. ಟ್ಯೂಬಿನ ಮೇಲೆ ನಾಲ್ಕು ಪ್ಯಾಚುಗಳಿದ್ದವು.

"ಈ ನಾಲ್ಕೂ ನಾನೇ ಹಾಕಿದ್ದು" ಎಂದ ಪಂಕ್ಚರಿನವನು.

"ಸಾಧ್ಯಾನೇ ಇಲ್ಲ. ಈ ಗಾಡಿ ಈ ಕಡೆಗೆ ಬಂದೇ ಇಲ್ಲ."

"ನನ್ನ ಪ್ಯಾಚು ನನಗೆ ಗೊತ್ತಾಗಲ್ವಾ? ಮೂಲೆ ನಾನು ಹೀಗೇ ಕತ್ತರಿಸೋದು."

"ಅಯ್ಯೋ, ಮೀಟರ್ ನೋಡಿ ಬೇಕಾದ್ರೆ! ಆರು ವರ್ಷದಿಂದ ಮನೆ ಬಿಟ್ರೆ ಅಂಗಡಿ, ಅಂಗಡಿ ಬಿಟ್ರೆ ಮನೆ."

ಪಂಕ್ಚರಿನವನು ಮೀಟರ್ ನೋಡಿದ. ಸವೆದು ನುಣ್ಣಗಾಗಿದ್ದ ಟೈರನ್ನೂ ನೋಡಿದ. "ಓಹೋ" ಎಂದ. ಸವಾರ ಮುಖ ತೊಳೆಯಲು ಹೋದಾಗ ಅವನು ಅಂಗಡಿಯ ಹಿಂದೆ ಹೋಗಿ ಎರಡು ಫೋನ್ ಮಾಡಿ ಬಂದ.

ಹತ್ತೂವರೆಗೆ ಬೆಟ್ಟದ ನೆತ್ತಿ ಬಂತು. ಟೀ ಅಂಗಡಿಯ ಮುಂದೆ ಹತ್ತು ಹನ್ನೆರಡು ಬೈಕುಗಳು ಸಾಲಾಗಿ ನಿಂತಿದ್ದವು. ಅವುಗಳ ಸವಾರರು ರಸ್ತೆಗೆ ಅಡ್ಡಲಾಗಿ ನಿಂತಿದ್ದರು. ಸ್ವಾಗತ ಎಂದರೆ ಇದಪ್ಪಾ ಎಂದುಕೊಂಡು ಅವನು ಕೈ ಬೀಸಿದ. ಗಡ್ಡದವನೊಬ್ಬ ಆ ಕೈಯನ್ನೇ ಹಿಡಿದು ಬೈಕಿನಿಂದ ಇಳಿಸಿದ. ಇನ್ನೊಬ್ಬ ಕೀ ಕಿತ್ತುಕೊಂಡ. ಅವನನ್ನು ಕರೆದೊಯ್ದು, ಕಣಿವೆಗೆ ಬೆನ್ನು ಹಾಕಿದ ಬೆಂಚಿನ ಮೇಲೆ, ಗೋಡೆಗೆ ಮುಖ ಮಾಡಿ ಕೂರಿಸಿದರು.

ಗೋಡೆಯ ತುಂಬ ಫೋಟೋಗಳು. ಅವುಗಳಲ್ಲಿ ಹತ್ತಾರು ಕಡೆ ಅವನ ಬೈಕಿತ್ತು! ಅದೇ ನಂಬರು, ಸೀಟಿನ ಮೇಲೆ ಅದೇ ಹರಕು. ಮೇಲೆ ಕಾಲು ಹಾಕಿ, ಕಪ್ಪು ಕನ್ನಡಕ ಧರಿಸಿ, ರಾಜನ ಹಾಗೆ ಕೂತಿದ್ದವನು ಬೀದಿಯ ಕೊನೆಯ ಮೇಸ್ತ್ರಿ. ಕನ್ನಡಕವನ್ನು ಇವನೇ ರಿಪೇರಿ ಮಾಡಿಕೊಟ್ಟಿದ್ದ.

"ಈ ಕಳ್ಳ ನನ್ಮಗ...!" ಎಂದು ಅವನು ಎದ್ದ.

"ಬಾಯಿ ಮುಚ್ಚು!" ಎಂದಳು ಟೀ ಅಂಗಡಿಯಮ್ಮ, ಸೌಟು ಹಿಡಿದುಕೊಂಡು. "ಗಾಡಿ ಕದ್ದೋನು ನೀನು, ಕಳ್ಳ ಅವನಾ? ಉಲ್ಟಾ ಚೋರ! ಕದ್ದ ಮಾಲನ್ನ ಅವನ ಸ್ನೇಹಿತರ ಹತ್ರಾನೇ ತಂದಿದ್ದೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೀಯೋ?"

"ಅಮ್ಮಾ, ಇದು ನನ್ನ ಗಾಡಿ. ನನ್ನ ಸ್ವಂತ ಗಾಡಿ!"

"ಕಾಗದ ತೋರ್ಸು" ಎಂದ ಗಡ್ಡದವನು.

"ಮೇಸ್ತ್ರಿ ಹತ್ರ ಇದೆ. ಹೊಗೆ ತಪಾಸಣೆ ಮಾಡಿಸ್ತೀನಿ ಅಂತ ಇಸ್ಕೊಂಡಿದ್ದಾನೆ."

ಎಲ್ಲರೂ ನಕ್ಕರು. "ಗಾಡಿ ಇವನ್ದು, ಕಾಗದ ಅವನ ಹತ್ರ! ಲೈಸೆನ್ಸಾದ್ರೂ ಇದೆಯಾ?"

"ಇದೆ."

"ಲೈಸೆನ್ಸ್ ಇಟ್ಕೊಂಡಿರೋ ಕಳ್ಳ. ಸರಿ, ನಿನ್ನ ಗಾಡಿ ತಾನೇ? ಸ್ಟಾರ್ಟ್ ಮಾಡು ನೋಡೋಣ."

ಅವನು ಒದ್ದ. ಒದ್ದೇ ಒದ್ದ. ಬೂಟಿನೊಳಗೆ ಬೆವರು ಇಳಿಯಿತೇ ಹೊರತು ಬೈಕು ಕಮಕ್ ಕಿಮಕ್ ಅನ್ನಲಿಲ್ಲ. ಟೀ ಅಂಗಡಿಯಮ್ಮ ಸೌಟು ಪಕ್ಕಕ್ಕಿಟ್ಟು ಬಂದಳು. ಟ್ಯಾಂಕಿನ ಎಡಗಡೆ ಮೂರು ಸಲ ತಟ್ಟಿದಳು, ಚೋಕನ್ನು ಅರ್ಧ ಎಳೆದಳು, ಚಪ್ಪಲಿ ಕಾಲಲ್ಲಿ ಒಂದೇ ಒಂದು ಕಿಕ್ ಕೊಟ್ಟಳು. ಬೈಕು ಗುಡುಗುಡು ಎಂದು ಎದ್ದು ನಿಂತಿತು. ಇನ್ನು ಸಾಕ್ಷಿ ಬೇಕೆ? ಗಾಡಿಯೇ ಅವನ ಮುಖಕ್ಕೆ ಉಗಿದ ಹಾಗಾಯಿತು.

"ನನ್ನ ಹೆಂಡ್ತೀನ ಕೇಳಿ!" ಎಂದು ಅವನು ಕೊನೆಯ ಅಸ್ತ್ರ ಬಿಟ್ಟ. ಅವನ ಫೋನನ್ನು ಆನ್ ಮಾಡಿದರೂ ಆ ಎತ್ತರದಲ್ಲಿ ಸಿಗ್ನಲ್ ಇರಲಿಲ್ಲ. ಅಂಗಡಿಯ ಫೋನಿನಿಂದ ಗಡ್ಡದವನೇ ಮಾಡಿದ. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ.

"ಅಮ್ಮಾ, ಇಲ್ಲೊಬ್ಬ ನಿಮ್ಮ ಯಜಮಾನ್ರು ಅಂತ ಹೇಳ್ಕೊಂಡು ಬೈಕಲ್ಲಿ ಬಂದಿದ್ದಾನೆ. ಬೆಟ್ಟದ ಮೇಲೆ."

"ಬೆಟ್ಟದ ಮೇಲಾ?" ಅವಳ ದನಿ ಗಾಳಿಯಲ್ಲಿ ಹರಿದು ಹರಿದು ಬಂತು. "ನಮ್ಮನೆಯವರು ಅಂಗಡೀಲಿ ಸ್ಟಾಕ್ ಎಣಿಸ್ತಿದ್ದಾರೆ. ಹನ್ನೊಂದು ಕಿಲೋಮೀಟರ್ ಮೇಲೆ ಒಂದು ಗೇಣೂ ಹೋಗೋರಲ್ಲ ಅವರು."

"ನಾನು ಕಣೇ! ನಾನೇ ಕಣೇ, ಗೊತ್ತಾಗ್ಲಿಲ್ವೇನೇ?" ಎಂದು ಅವನು ಕಿರುಚಿದ.

ಅವಳು ಖಚಿತವಾಗಿ ಹೇಳಿದಳು: "ಇವನು ಕಳ್ಳಾನೇ. ನಮ್ಮನೆಯವರಿಗೆ ನನ್ನನ್ನ 'ಕಣೇ' ಅನ್ನೋಷ್ಟು ಧೈರ್ಯ ಎಲ್ಲಿಂದ ಬರ್ಬೇಕು? ಬಿಡ್ಬೇಡಿ ಅವನನ್ನ." ಲೈನು ಕಟ್ಟಾಯಿತು.

ಪೊಲೀಸರಿಗೆ ಹೇಳೋಣ ಎಂದರು ಒಬ್ಬರು. ಮೊದಲು ನಾಲ್ಕು ಬಿಡೋಣ ಎಂದರು ಇನ್ನೊಬ್ಬರು. ಅಣ್ಣ ಆಗಲೇ ದಾರಿಯಲ್ಲಿದ್ದಾನೆ, ಬರಲಿ, ಅವನೇ ತೀರ್ಮಾನ ಮಾಡಲಿ ಎಂದಳು ಟೀ ಅಂಗಡಿಯಮ್ಮ. ಸವಾರ ಗೋಡೆ ನೋಡುತ್ತ ಕೂತ. ಆರು ವರ್ಷದ ಅವನ ಆಸೆ ಅಲ್ಲಿ ಸಾಲುಸಾಲಾಗಿ ತೂಗುತ್ತಿತ್ತು, ಬೇರೆಯವನ ಮುಖ ಹೊತ್ತು.

ಮಧ್ಯಾಹ್ನ ಒಂದಕ್ಕೆ ಮೇಸ್ತ್ರಿ ಬಂದ. ಬಂದದ್ದು ಹಸಿರು ಬಣ್ಣದ ಇನ್ನೊಂದು ಬೈಕಿನಲ್ಲಿ. ಆ ಹಸಿರನ್ನು ಸವಾರ ಎಲ್ಲಿದ್ದರೂ ಗುರುತಿಸಬಲ್ಲ. ಅದು ಕನ್ನಡಕದಂಗಡಿಯ ಯಜಮಾನರ ಬೈಕು. ಬುಧವಾರವಷ್ಟೇ 'ಇಂಜಿನ್ ಕೆಲಸ'ಕ್ಕೆಂದು ಗ್ಯಾರೇಜು ಸೇರಿತ್ತು.

ಬೆಂಚಿನ ಮೇಲಿದ್ದವನನ್ನು ಕಂಡು ಮೇಸ್ತ್ರಿಯ ಮುಖ ಒಂದು ಗಳಿಗೆ ಇಂಜಿನ್ ಆಯಿಲ್ ಬಣ್ಣಕ್ಕೆ ತಿರುಗಿತು. ಒಂದೇ ಗಳಿಗೆ. ಮರುಕ್ಷಣ ಗಹಗಹಿಸಿ ನಕ್ಕ.

"ಅಯ್ಯೋ, ಬಿಡ್ರಪ್ಪಾ ಅವರನ್ನ! ನಮ್ಮ ಗಿರಾಕಿ. ಒಂದು ರೌಂಡ್ ಓಡಿಸ್ತೀನಿ ಅಂತ ಬಹಳ ದಿನದಿಂದ ಆಸೆ ಪಡ್ತಿದ್ರು ಪಾಪ. ಕೀ ನಾನೇ ಕೊಟ್ಟಿದ್ದು. ಇಷ್ಟು ದೂರ ಬರ್ತಾರೆ ಅಂದ್ಕೊಂಡಿರ್ಲಿಲ್ಲ, ಅಷ್ಟೇ."

ಟೀ ಅಂಗಡಿಯಮ್ಮನ ಕಣ್ಣು ತುಂಬಿ ಬಂತು. "ಎಂಥಾ ದೊಡ್ಡ ಮನಸ್ಸಪ್ಪಾ ನಿಂದು! ಬೇರೆಯವರಾಗಿದ್ರೆ ಚರ್ಮ ಸುಲೀತಿದ್ರು."

ಸವಾರ ಮೇಸ್ತ್ರಿಯ ತೋಳು ಹಿಡಿದು ಬೈಕುಗಳ ಹಿಂದಕ್ಕೆ ಎಳೆದೊಯ್ದ. "ಆರು ವರ್ಷ! ಆರು ವರ್ಷ ನನ್ನ ಆಸೆಗೆ ಮಣ್ಣು ಹಾಕಿದ್ಯಲ್ಲೋ! ಟ್ರಯಲ್ ಅಂತೆ, ಟ್ರಯಲ್ಲು!"

"ಮೀಟರ್ ಕೇಬಲ್ ಬಿಚ್ಚಿಟ್ಟೇ ಓಡ್ಸಿದೀನಿ ಸಾರ್" ಎಂದ ಮೇಸ್ತ್ರಿ ನೊಂದ ದನಿಯಲ್ಲಿ. "ನಿಮ್ಮ ಒಂದು ಕಿಲೋಮೀಟರೂ ಖರ್ಚು ಮಾಡಿಲ್ಲ. ಹೊರಗಡೆ ನಿಲ್ಲಿಸಿದ್ರೆ ತುಕ್ಕು ಹಿಡೀತಿತ್ತು ಗಾಡಿ."

"ನಾಳೆನೇ ಯಜಮಾನರಿಗೆ ಹೇಳ್ತೀನಿ. ಅವರ ಬೈಕಲ್ಲಿ ನೀನು ಎಲ್ಲಿ ಮೆರೀತಿದ್ದೆ ಅಂತ."

"ಹೇಳಿ ಸಾರ್. ಎಲ್ಲಿ ನೋಡಿದೆ ಅಂತ ಕೇಳ್ತಾರೆ. ನೆನ್ನೆ ಸಂಜೆ ಗ್ಯಾರೇಜಿಗೆ ಬಂದು, 'ಪಾಪ, ನಮ್ಮ ಹುಡುಗನಿಗೆ ಜ್ವರ, ಸ್ಟಾಕ್‌ಗೆ ಬರಲ್ವಂತೆ' ಅಂತ ಬೇಜಾರು ಮಾಡ್ಕೊಂಡ್ರು." ಮೇಸ್ತ್ರಿ ದನಿ ತಗ್ಗಿಸಿದ. "ಮನೇಲಿ ಅಮ್ಮಾವ್ರಿಗೆ ಸ್ಟಾಕ್‌ಗೆ ಹೋಗ್ತೀನಿ ಅಂದಿದ್ದೀರಂತೆ. ನಾನು ದಾರೀಲಿರೋವಾಗ ಫೋನ್ ಮಾಡಿದ್ರು."

ಸವಾರನ ಕೈ ತಾನಾಗಿಯೇ ತೋಳು ಬಿಟ್ಟಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. "ಥ್ಯಾಂಕ್ಸ್ ಹೇಳೋ, ಕಂಬದ ಹಾಗೆ ನಿಂತಿದ್ದೀಯಲ್ಲ" ಎಂದಳು ಟೀ ಅಂಗಡಿಯಮ್ಮ. ಅವನು ಹೇಳಿದ.

ಆಮೇಲೆ ಫೋಟೋ. ಬೈಕಿನ ಮೇಲೆ ಮೇಸ್ತ್ರಿ, ಸುತ್ತ ಗೆಳೆಯರು. "ನೀವೇ ತೆಗೀರಿ ಸಾರ್" ಎಂದು ಗಡ್ಡದವನು ಫೋನನ್ನು ಅವನ ಕೈಗಿಟ್ಟ. ಮೇಸ್ತ್ರಿಯ ಕಿವಿಯ ಪಕ್ಕದಲ್ಲಿ, ಅಂಗೈಯಗಲದ ಪರದೆಯೊಳಗೆ, ಅವನು ಮೊದಲ ಸಲ ಆ ಕಣಿವೆಯನ್ನು ನೋಡಿದ. ಚೆನ್ನಾಗಿಯೇ ಇತ್ತು. ಕ್ಲಿಕ್ ಮಾಡಿದ.

ಗೆಳೆಯರ ಎದುರು ಮೇಸ್ತ್ರಿ 'ತನ್ನ' ಗಾಡಿಯನ್ನೇ ಓಡಿಸಬೇಕಲ್ಲ? ಹಾಗಾಗಿ ಇಳಿಯುವಾಗ ಸವಾರನಿಗೆ ಸಿಕ್ಕಿದ್ದು ಹಸಿರು ಬೈಕು. "ಹುಷಾರಾಗಿ ಓಡಿಸಿ ಸಾರ್, ಬೇರೆಯವರ ಗಾಡಿ" ಎಂದು ಮೇಸ್ತ್ರಿ ಕಳಕಳಿಯಿಂದ ಹೇಳಿದ. ಊರ ಅಂಚಿನಲ್ಲಿ ಗಾಡಿ ಬದಲಾಯಿಸಿಕೊಂಡರು. ಮನೆ ಸೇರಿದಾಗ ಸಂಜೆ ಆರು.

"ಸ್ಟಾಕ್ ಮುಗೀತಾ?" ಎಂದಳು ಹೆಂಡತಿ. "ಇವತ್ತೇನಾಯ್ತು ಗೊತ್ತಾ? ಯಾವನೋ ಕಳ್ಳ ನೀವೇ ಅಂತ ಹೇಳ್ಕೊಂಡು ನಿಮ್ಮ ಬೈಕ್ ಹೊಡ್ಕೊಂಡು ಹೋಗಿದ್ದ! ಗಾಬರಿಯಾಗಿ ಮೇಸ್ತ್ರಿಗೆ ಫೋನ್ ಮಾಡ್ದೆ. 'ಚಿಂತೆ ಮಾಡ್ಬೇಡಿ ಅಮ್ಮಾ, ಗಾಡಿ ಎಲ್ಲಿದೆ ಅಂತ ನನಗೆ ಗೊತ್ತು, ಸಾಯಂಕಾಲದೊಳಗೆ ಮನೆ ಸೇರುತ್ತೆ' ಅಂದ್ರು. ಸೇರ್ತು ನೋಡಿ. ದೇವರಂಥ ಮನುಷ್ಯ! ಆದ್ರೂ ಆ ಕಳ್ಳನ್ನ ಬಿಡ್ಬೇಡಿ ಅಂದಿದ್ದು ನಾನು. ನಾನಿಲ್ಲದಿದ್ರೆ ಹೋಗಿತ್ತು ನಿಮ್ಮ ಗಾಡಿ."

"ಥ್ಯಾಂಕ್ಸ್" ಎಂದ ಅವನು. ಆ ದಿನದಲ್ಲಿ ಎರಡನೆಯ ಸಲ.

ಅವನ ಸೋತ ಮುಖ ನೋಡಿ ಅವಳಿಗೂ ಮರುಕ ಹುಟ್ಟಿತು. "ಎಷ್ಟು ದಣಿದಿದ್ದೀರಿ! ಮುಂದಿನ ಭಾನುವಾರ ಗಾಡಿ ತಗೊಂಡು ಎಲ್ಲಿಗಾದ್ರೂ ದೂರ ಹೋಗ್ಬನ್ನಿ. ನಾನೇನೂ ಬೇಡ ಅನ್ನಲ್ಲ."

ಅಷ್ಟರಲ್ಲಿ ಎದುರು ಮನೆಯ ಹೆಡ್‌ಮಾಸ್ಟರು ಗೇಟಿಗೆ ಬಂದರು. "ಏನಪ್ಪಾ, ಇವತ್ತು ಗಾಡಿ ಗೊಣಗೋದು ಜಾಸ್ತಿಯಾಗಿದೆಯಲ್ಲಾ?"

"ಹೌದಾ? ಹಾಗಿದ್ರೆ ಮೊದಲು ಮೇಸ್ತ್ರಿಗೆ ಒಂದ್ಸಲ ತೋರಿಸ್ಬಿಡಿ" ಎಂದಳು ಹೆಂಡತಿ.

ಸವಾರ ಬೈಕನ್ನು ಬೀದಿಯ ಕೊನೆಗೆ ತಳ್ಳಿಕೊಂಡು ಹೋದ. ಮೇಸ್ತ್ರಿ ಹಸಿರು ಬೈಕಿನ ಧೂಳು ಒರೆಸುತ್ತಿದ್ದ. ಬಟ್ಟೆಗೆ ಕೈ ಒರೆಸಿಕೊಂಡು ಕೀ ಇಸಿದುಕೊಂಡ.

"ಮುಂದಿನ ಭಾನುವಾರ ದಾಟಲಿ ಸಾರ್, ಸೋಮವಾರ ಕೊಡ್ತೀನಿ. ಒಂದು ಟ್ರಯಲ್..."

"ಗೊತ್ತು" ಎಂದ ಸವಾರ. ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ. "ಕೇಬಲ್ ಬಿಚ್ಚೋದು ಮರೀಬೇಡ."