ನನ್ನ ಮಹನೀಯರು, ಅವಳ ಅತಿಥಿ

ನಿವೃತ್ತನಾದ ಗಂಡನೊಬ್ಬನಿಗೇ ಮನೆಯಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಅಂಥದ್ದರಲ್ಲಿ ನಾನು ನನ್ನ ಜೊತೆಗೆ ಒಬ್ಬ ಚಕ್ರವರ್ತಿ, ಒಬ್ಬ ತತ್ವಜ್ಞಾನಿ, ಒಬ್ಬ ಮಹಾಕವಿ ಮತ್ತು ಹಳೆಯ ಕಾವ್ಯದ ಒಬ್ಬ ನಾಯಕಿ, ಇಷ್ಟು ಜನರನ್ನು ಕರೆತಂದಿದ್ದೆ. ಅವರಿಗೂ ಕುರ್ಚಿ ಬೇಕಲ್ಲ? ಜಗಳ ಶುರುವಾದದ್ದೇ ಅಲ್ಲಿಂದ.

ನಾನು ದುಡಿದದ್ದು ಮ್ಯೂಸಿಯಂನ ಪ್ರತಿಮೆಗಳ ಕೋಣೆಯಲ್ಲಿ. ಕಾವಲುಗಾರ ಅನ್ನಿ, ಧೂಳು ಒರೆಸುವವನು ಅನ್ನಿ, ನನಗೇನೂ ಬೇಸರವಿಲ್ಲ. (ಹೆಂಡತಿಯ ಕಡೆಯವರಿಗೆ ಹೇಳುವಾಗ ಮಾತ್ರ 'ಮಹಾಪುರುಷರ ಮೇಲ್ವಿಚಾರಕ'.) ಬೆಳಿಗ್ಗೆ ಮೆತ್ತನೆಯ ಬ್ರಷ್ಷಿನಿಂದ ಎಲ್ಲರ ಮೂಗು, ಕಿವಿ ಚೊಕ್ಕಟ ಮಾಡುವುದು, ಆಮೇಲೆ ಸ್ಟೂಲಿನ ಮೇಲೆ ಕೂತು, ಬಂದವರಿಗೆ "ಮುಟ್ಟಬೇಡಿ" ಎನ್ನುವುದು. ಬರುವವರೇ ಕಡಿಮೆ. ಮಳೆ ಬಂದರೆ ಒಂದಿಷ್ಟು ಜನ ಒಳಗೆ ನುಗ್ಗಿ, ಬಟ್ಟೆ ಒಣಗಿದ ಕೂಡಲೇ ಇತಿಹಾಸಕ್ಕೆ ಬೆನ್ನು ತೋರಿಸಿ ಹೋಗುತ್ತಿದ್ದರು. ಉಳಿದ ಹೊತ್ತಿನಲ್ಲಿ ನಾನು ಪ್ರತಿಮೆಗಳನ್ನೇ ಮಾತಾಡಿಸುತ್ತಿದ್ದೆ. ಒಬ್ಬನ ಕಿವಿಯ ಧೂಳನ್ನು ವರ್ಷಗಟ್ಟಲೆ ತೆಗೆದ ಮೇಲೆ, ಅವನು ಎಂಥ ಸಾಮ್ರಾಟನೇ ಆಗಿರಲಿ, ಸಲಿಗೆ ಬೆಳೆದೇ ಬೆಳೆಯುತ್ತದೆ.

"ಪ್ರಭೂ, ಬದುಕಿನ ಅರ್ಥವೇನು?" ಎಂದು ಚಕ್ರವರ್ತಿಯನ್ನು ಕೇಳುತ್ತಿದ್ದೆ.

"ಅದನ್ನೇ ಹುಡುಕಿಕೊಂಡು ಪಕ್ಕದ ರಾಜ್ಯಕ್ಕೆ ದಂಡೆತ್ತಿ ಹೋದೆನಯ್ಯಾ. ಅಲ್ಲಿಯೂ ಇರಲಿಲ್ಲ" ಎನ್ನುತ್ತಿದ್ದ.

ಸಾವಿನ ಬಗ್ಗೆ ತತ್ವಜ್ಞಾನಿಯನ್ನು ಕೇಳಿದರೆ, "ಸತ್ತ ಮೇಲೆ ಪಾರಿವಾಳವೊಂದು ತಲೆಯ ಮೇಲೆ ಬಂದು ಕೂರುತ್ತದೆ ಎಂದು ಮಾತ್ರ ನಾನು ಊಹಿಸಿರಲಿಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದ. (ಮೇಲಿನ ಕಿಟಕಿಯ ಗಾಜು ಒಡೆದಿತ್ತು.)

ಉತ್ತರಗಳೆಲ್ಲ ನನ್ನವೇ ಎಂದು ನನಗೆ ಗೊತ್ತಿತ್ತು. ಆದರೆ ನನ್ನ ಬಾಯಿಂದ ಬಂದರೆ ಯಾರೂ ಕಿವಿಗೊಡದ ಮಾತಿಗೆ ಅವರ ಬಾಯಿಂದ ಬಂದಾಗ ಒಂದು ತೂಕ ಬರುತ್ತಿತ್ತು. ನಿವೃತ್ತಿಯಾದಾಗ ಸಂಬಳ ನಿಂತದ್ದಕ್ಕಿಂತ ಈ ಮಾತು ನಿಂತದ್ದು ನನ್ನನ್ನು ಹೆಚ್ಚು ಕಾಡಿತು. ಕೋಣೆಯ ಹಸಿ ಸುಣ್ಣದ ವಾಸನೆ, ಮಧ್ಯಾಹ್ನದ ಬಿಸಿಲು ಒಬ್ಬರ ಗಡ್ಡದಿಂದ ಇನ್ನೊಬ್ಬರ ಕಿರೀಟಕ್ಕೆ ಸರಿಯುವುದು, ಎಲ್ಲ ಪದೇ ಪದೇ ನೆನಪಾಗುತ್ತಿತ್ತು. ಕೊನೆಗೆ ಮನಸ್ಸಿನಲ್ಲೇ ಎಲ್ಲರಿಗೂ ಆಮಂತ್ರಣ ಕೊಟ್ಟೆ. ಅವರು ಒಂದು ಮಾತೂ ಆಡದೆ ಹೊರಟು ಬಂದರು.

ನನ್ನ ಹೆಂಡತಿ ಹೊಲಿಗೆಯವಳು. ಮನೆಯ ಮುಂಭಾಗವೆಲ್ಲ ಅವಳ ಸಾಮ್ರಾಜ್ಯ: ಮಿಷನ್ನು, ಇಸ್ತ್ರಿ ಮೇಜು, ಬಟ್ಟೆ ತೊಡಿಸಿ ನೋಡುವ ತಲೆಯಿಲ್ಲದ ಗೊಂಬೆ. ಕುರ್ಚಿಗಳ ಮೇಲೆಲ್ಲ ಗಿರಾಕಿಗಳ ಬಟ್ಟೆ.

"ಆ ಕುರ್ಚಿ ಮೇಲೆ ಇಡಬೇಡ್ವೇ, ಚಕ್ರವರ್ತಿ ಕೂತಿದ್ದಾನೆ!"

"ಕೂತಿದ್ರೆ ತೊಡೆ ಮೇಲೆ ಇಟ್ಕೊಳ್ಳಲಿ. ನಾಳೆ ಕೊಡಬೇಕು, ಸುಕ್ಕಾಗದ ಹಾಗೆ ಹಿಡ್ಕೊಂಡಿರೋಕೆ ಹೇಳಿ."

"ಅವನು ಮೂರು ಸಮುದ್ರಗಳ ಒಡೆಯ ಕಣೇ!"

"ನೀರಿನ ಅಭ್ಯಾಸ ಇದೆ ಅನ್ನಿ. ಹಾಗಾದ್ರೆ ಆ ಪಾತ್ರೆ ತೊಳೆದಿಟ್ಟುಬಿಡಲಿ."

ಮರುದಿನ ಕಾವ್ಯನಾಯಕಿಯನ್ನು ಪರಿಚಯ ಮಾಡಿಸಿದೆ. ಹೆಂಗಸು ಹೆಂಗಸಿನ ಜೊತೆ ಬೆರೆಯಬಹುದು ಎಂಬ ದೂರಾಲೋಚನೆ. "ನೋಡು, ಯುದ್ಧಕ್ಕೆ ಹೋದ ಗಂಡ ಬರಲಿಲ್ಲ ಅಂತ ಕಿಟಕಿಯಲ್ಲೇ ಕಾಯ್ತಾ ಕೂತವಳು."

"ಗಂಡ ಮನೇಲಿಲ್ವಾ?" ನನ್ನ ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು. "ಪುಣ್ಯವಂತೆ."

ನನಗಿದ್ದ ಆಸೆ ಒಂದೇ. ಅವಳೂ ಒಂದು ದಿನ ಕೆಲಸ ಪಕ್ಕಕ್ಕಿಟ್ಟು, ನಮ್ಮ ಜೊತೆ ಕೂತು, ನಾಲ್ಕು ಮಾತಾಡಬೇಕು. ಅದು ನಡೆಯದಿದ್ದಾಗ, ಪಾಪ, ದೊಡ್ಡ ವಿಚಾರಗಳು ಇವಳ ತಲೆಗೆ ಹತ್ತುವುದಿಲ್ಲ ಎಂದು ಮಹಾಕವಿಯ ಹತ್ತಿರ ಹೇಳಿಕೊಂಡೆ. ಅವನೂ ನನ್ನ ಜೊತೆ ಮರುಗಿದ.

ಹೀಗಿರುವಾಗ ಒಂದು ಮಧ್ಯಾಹ್ನ ಗುಂಡಿ ತರಲು ಹೋದವನು ಬೇಗ ಹಿಂದಿರುಗಿದೆ. ಒಳಗಿನಿಂದ ನಗು ಕೇಳಿಸಿತು. ಹೆಂಡತಿಯದೇ ನಗು! ಆ ನಗು ಕೇಳಿ ಯಾವ ಕಾಲವಾಗಿತ್ತೋ. ಹಿಂದೆ, ನನ್ನನ್ನು ನೋಡಲು ಬರುತ್ತಿದ್ದ ಕಾಲದಲ್ಲಿ, ಪ್ರತಿಮೆಗಳ ಕೋಣೆಯಲ್ಲಿ ಅವಳು ಹಾಗೆ ನಕ್ಕರೆ ಗೋಡೆಗಳೆಲ್ಲ ಸೇರಿ ಮತ್ತೊಮ್ಮೆ ನಗುತ್ತಿದ್ದವು, ನಾನು ಗಾಬರಿಯಾಗಿ "ಶ್!" ಎನ್ನುತ್ತಿದ್ದೆ. ಕಾಲುಗಳು ಬಾಗಿಲ ಬಳಿಯೇ ನಿಂತುಬಿಟ್ಟವು.

"ಹಾಗಾದ್ರೆ ಸುಖ ಅಂದ್ರೆ ಏನು ಅಂತೀರಿ?" ಎಂದು ಕೇಳುತ್ತಿದ್ದಳು. ಯಾರದೋ ಉತ್ತರ ಕೇಳಿಸಿಕೊಂಡವಳಂತೆ ಮತ್ತೆ ನಗು. "ಅಯ್ಯೋ, ಸಾಕು ಸುಮ್ನಿರಿ! ಯಾರಾದ್ರೂ ಕೇಳಿಸ್ಕೊಂಡ್ರೆ!"

ಮಹಾಕವಿಯೇ ಇರಬೇಕು. ಆ ಗುಂಗುರು ಕೂದಲಿನವನ ಮೇಲೆ ನನಗೆ ಮೊದಲಿಂದಲೂ ನಂಬಿಕೆಯಿರಲಿಲ್ಲ. ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದೆ.

ಮಹಾಕವಿ ಇರಲಿಲ್ಲ. ತಲೆಯಿಲ್ಲದ ಗೊಂಬೆ ನಿಂತಿತ್ತು, ಅದರ ಮೈಮೇಲೆ ಕಡುನೀಲಿ ಕೋಟು. ಕೆಲಸಕ್ಕೆ ಸೇರಿದಾಗ ಮ್ಯೂಸಿಯಂನವರು ನನಗೆ ಕೊಟ್ಟ, ಹಿತ್ತಾಳೆ ಗುಂಡಿಗಳ ಕೋಟು! ನಾನು ಕೈ ಚಾಚಿದೆ.

"ಮುಟ್ಟಬೇಡಿ!" ಎಂದಳು. (ಈ ಮಾತನ್ನು ಜೀವಮಾನವಿಡೀ ಹೇಳಿದವನು ನಾನು. ಹೇಳಿಸಿಕೊಂಡರೆ ಹೇಗಿರುತ್ತದೆಂದು ಅಂದು ತಿಳಿಯಿತು.)

"ಯಾರ ಜೊತೆ ಮಾತಾಡ್ತಿದ್ದೆ?"

"ನಿಮಗೆ ಪರಿಚಯ ಇಲ್ಲ ಬಿಡಿ."

"ಅದು ನನ್ನ ಕೋಟು ಕಣೇ!"

"ಕೋಟು ನಿಮ್ಮದೇ. ಒಳಗಿರೋರು ಬೇರೆ." ಅವಳು ಕೋಟಿನ ಕಾಲರ್ ಸರಿಮಾಡಿದಳು. ನನ್ನ ಕಾಲರನ್ನು ಅವಳು ಅಷ್ಟು ಮೆತ್ತಗೆ ಮುಟ್ಟಿ ಬಹಳ ದಿನವಾಗಿತ್ತು. "ಮದುವೆಗೆ ಮುಂಚೆ ರಜಾ ದಿನ ನಾನು ಅಲ್ಲಿಗೆ ಬರ್ತಿದ್ನಲ್ಲ, ಆಗ ಇವರು ಸ್ಟೂಲು ನನಗೆ ಬಿಟ್ಟುಕೊಟ್ಟು, ತಾವು ನಿಂತ್ಕೊಂಡು ಕೇಳ್ತಿದ್ರು. ಸತ್ತಮೇಲೆ ಏನಾಗುತ್ತೆ? ಸುಖ ಅಂದ್ರೆ ಏನು? ನಿಮಗೆ ಏನನ್ನಿಸುತ್ತೆ? ಅಲ್ಲೀವರೆಗೂ ನನ್ನನ್ನ ಯಾರೂ, ಬಟ್ಟೆ ಯಾವಾಗ ಕೊಡ್ತೀಯಾ ಅನ್ನೋದು ಬಿಟ್ಟು ಬೇರೇನೂ ಕೇಳಿರ್ಲಿಲ್ಲ."

ಹೌದು, ಕೇಳುತ್ತಿದ್ದೆ. ಅವಳು ಕಣ್ಣು ಕಿರಿದುಮಾಡಿ ಯೋಚಿಸಿ ಉತ್ತರ ಹೇಳುವುದನ್ನು ನೋಡಲೆಂದೇ ಇಡೀ ವಾರ ಹೊಸ ಹೊಸ ಪ್ರಶ್ನೆ ಹೊಂಚುತ್ತಿದ್ದೆ.

"ಯಾವಾಗಿಂದ ನಡೀತಿದೆ ಇದು?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಮೋಸಹೋದ ಗಂಡನ ಧ್ವನಿಯಂತೆ ಕೇಳಿಸಿತು.

"ನೀವು ನನ್ನ ಬಿಟ್ಟು ಕಲ್ಲುಮಣ್ಣಿನ ತಲೆಗಳನ್ನ ಕೇಳೋಕೆ ಶುರುಮಾಡಿದಾಗಿಂದ."

ನನಗೆ ಹಟ ಬಂತು. ನನ್ನ ಜಾಗದಲ್ಲಿ ನಾನೇ ಬಂದು ಕೂತರೂ ಸಹಿಸಲಾರೆ. ಕಾಡಿ ಬೇಡಿ ಕೋಟನ್ನು ಬಿಚ್ಚಿಸಿ ತೊಟ್ಟೆ. ತೋಳು ಹೇಗೋ ತೂರಿತು. ಗುಂಡಿ ಮತ್ತು ಕಾಜದ ನಡುವೆ ಮಾತ್ರ ನನ್ನ ಹೊಟ್ಟೆ ಗಡಿಕೋಟೆಯಾಗಿ ನಿಂತಿತು. ಉಸಿರು ಬಿಗಿಹಿಡಿದೆ. ಚಕ್ರವರ್ತಿಯ ಸೈನ್ಯವೇ ಎಳೆದರೂ ಅವು ಕೂಡುವಂತಿರಲಿಲ್ಲ.

"ಬಿಡ್ರೀ, ಹೊಲಿಗೆ ಬಿಚ್ಚುತ್ತೆ" ಎಂದು ಕಿತ್ತುಕೊಂಡು ಗೊಂಬೆಗೆ ತೊಡಿಸಿದಳು. ಆ ದರಿದ್ರ ಗೊಂಬೆಗೆ ಅದು ಎರಕ ಹೊಯ್ದ ಹಾಗೆ ಕೂತಿತು. ಆಮೇಲೆ ನನ್ನ ಮುಖ ನೋಡಿ ಅವಳಿಗೇ ಕನಿಕರವಾಯಿತು. "ಬೇಕಾದ್ರೆ ನೀವೂ ಕೂತ್ಕೊಳ್ಳಿ. ಮಧ್ಯೆ ಬಾಯಿ ಹಾಕಬಾರದು."

ನನ್ನ ಮಹನೀಯರನ್ನೆಲ್ಲ ಹಿತ್ತಲಿಗೆ ಕಳಿಸಿ, ನಾನೇ ಒಲೆ ಹಚ್ಚಿ ಟೀ ಮಾಡಿದೆ. ಮೂರು ಲೋಟ. ಸೋತವನು ಗೆದ್ದವನಿಗೂ ಮರ್ಯಾದೆ ತೋರಿಸಬೇಕೆಂದು ಒಂದು ಲೋಟವನ್ನು ಗೊಂಬೆಯ ಮುಂದಿಟ್ಟೆ. ಆಮೇಲೆ ನೆಲದ ಮೇಲೆ ಕೂತು, ಕೈಕೈ ಹಿಸುಕಿಕೊಳ್ಳುತ್ತ ಕೇಳಿದೆ: "ಇಷ್ಟು ವರ್ಷ ಬದುಕಿದೆವಲ್ಲ. ನಿನಗೆ... ಏನನ್ನಿಸುತ್ತೆ?"

ಅವಳು ಮಿಷನ್ನಿನ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿದಳು. ಕಣ್ಣು ಕಿರಿದಾದವು. ನಿಧಾನವಾಗಿ ಹೇಳತೊಡಗಿದಳು. ಮಕ್ಕಳು ಚಿಕ್ಕವರಿದ್ದಾಗಿನ ಭಯಗಳು, ತನ್ನ ಅಮ್ಮ ಹೋದಾಗ ದೇವರ ಮೇಲೆ ಬಂದ ಕೋಪ, ಬೇರೆಯವರ ಬಟ್ಟೆ ಹೊಲಿಯುತ್ತ ಅವರ ಬದುಕನ್ನು ಊಹಿಸುವುದು. ಎಷ್ಟೊಂದು ವಿಷಯ! ಒಂದೂ ನನಗೆ ಗೊತ್ತಿರಲಿಲ್ಲ. ಅವಳು ಮುಗಿಸುವಾಗ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಪರವಾಗಿಲ್ಲ, ಪರೀಕ್ಷೆ ಪಾಸಾದೆ ಎಂದು ಒಳಗೊಳಗೇ ಬೀಗುತ್ತ ಲೋಟಗಳನ್ನು ಎತ್ತಿಕೊಳ್ಳಲು ಎದ್ದೆ.

"ಅವರ ಟೀ ಯಾಕೆ ತೆಗೀತೀರಿ?"

"ಆರಿಹೋಗಿದೆಯಲ್ಲೇ."

"ಇರಲಿ ಬಿಡಿ. ಮ್ಯೂಸಿಯಂನಲ್ಲೂ ಅವರದ್ದು ಯಾವಾಗ್ಲೂ ಆರಿಹೋಗ್ತಿತ್ತು. ನನ್ನ ಮಾತು ಕೇಳ್ತಾ ಕೇಳ್ತಾ ಕುಡಿಯೋದೇ ಮರೀತಿದ್ರು."

ನಾನು ನನ್ನ ಲೋಟ ನೋಡಿಕೊಂಡೆ. ಅವಳು ಬಾಯಿ ತೆರೆಯುವ ಮೊದಲೇ ಕುಡಿದು ಮುಗಿಸಿ, ತಳದ ಸಕ್ಕರೆಯನ್ನೂ ಬೆರಳಿನಿಂದ ಬಳಿದು ನೆಕ್ಕಿದ್ದೆ.