ಹುಳದ ಮೇಷ್ಟ್ರ ಅಪ್ಪಟ ಜೇನು

ಜೇನಿನ ಸಹವಾಸ ಮಾಡಿದವನಿಗೆ ಕಚ್ಚಿಸಿಕೊಳ್ಳುವುದು ತಪ್ಪಿದರೂ ತಪ್ಪೀತು, ಬೆಪ್ಪಾಗುವುದು ಮಾತ್ರ ತಪ್ಪುವುದಿಲ್ಲ. ಕೊಳ್ಳೇಗಾಲ ಮದರಾಸು ಸರ್ಕಾರಕ್ಕೂ ಪಕ್ಕದ ಯಳಂದೂರು ಮೈಸೂರಿಗೂ ಸೇರಿದ್ದ ಕಾಲದಲ್ಲಿ ನನಗೆ ಜೇನಿನದೇ ನೌಕರಿ. ಹಳ್ಳಿಯವರಿಗೆ ಪೆಟ್ಟಿಗೆಯಲ್ಲಿ ಜೇನು ಸಾಕುವುದನ್ನು ಕಲಿಸಬೇಕು, ಅವರ ಜೇನುತುಪ್ಪವನ್ನು ಕೊಳ್ಳೇಗಾಲದ ನಮ್ಮ ಅಂಗಡಿಯಲ್ಲಿ ಮಾರಿಸಬೇಕು, ಬೆಲ್ಲದ ಪಾಕವನ್ನು ಜೇನೆಂದು ಮಾರುವವರಿಂದ ಊರನ್ನು ಕಾಯಬೇಕು. ಜನ ನನ್ನನ್ನು ‘ಉಳದ ಮೇಷ್ಟ್ರು’ ಎನ್ನುತ್ತಿದ್ದರು.

ನನ್ನನ್ನು ಪೂರ್ತಿ ನಂಬಿದವರೆಂದರೆ ಮಧುವನಹಳ್ಳಿಯ ಒಬ್ಬ ಗೌಡತಿ. ಗಂಡ ತೀರಿಹೋಗಿ ಮನೆಯ ಯಜಮಾನಿಕೆ ಮೈದುನನ ಕೈಯಲ್ಲಿತ್ತು. ಆಕೆ ಹಿತ್ತಿಲಲ್ಲಿ ಸಾಲಾಗಿ ಪೆಟ್ಟಿಗೆ ಇಟ್ಟು, ಹುಳಗಳನ್ನು ಮಕ್ಕಳಂತೆ ಮಾತಾಡಿಸುತ್ತಿದ್ದರು. ಮೈದುನ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: “ತುಪ್ಪ ಮಾರಾಟ ಆಗ್ದೆ ಮನೇಗ್ ವಾಪಸ್ ಬಂತೋ, ಪೆಟ್ಗೆ ಎಲ್ಲಾ ಒಲೆಗೆ.” ಚೆನ್ನಾಗಿ ಒಣಗಿದ ಮರ, ಸೊಗಸಾಗಿ ಉರಿಯುತ್ತಿತ್ತು. ಅದೇ ನನ್ನ ಭಯ.

ಗಡಿ ದಾಟುವ ಹುಳ

ಯಳಂದೂರು ಸೀಮೆಯ ಅಗರದಲ್ಲಿ ಒಬ್ಬ ರೈತ ಪೆಟ್ಟಿಗೆ ಇಟ್ಟ. ಗಡಿಯ ಈಚೆ ಕೊಳ್ಳೇಗಾಲದವನೊಬ್ಬನ ಹುಚ್ಚೆಳ್ಳಿನ ಹೊಲ ಹೂ ಬಿಟ್ಟಿತ್ತು. ಹೊಲದವನು ನನ್ನ ಹತ್ತಿರ ದೂರು ತಂದ.

“ನೋಡಿ ಸಾ, ಮೈಸೂರು ಸರ್ಕಾರದ ಉಳ ಬಂದು ಮದ್ರಾಸ್ ಸರ್ಕಾರದ ಊವ ಲೂಟಿ ಒಡೀತಾವೆ. ನನ್ ಪಾಲೆಲ್ಲಿ?”

ಹುಳ ಕೂತೆದ್ದರೆ ಕಾಳು ಚೆನ್ನಾಗಿ ಕಟ್ಟುತ್ತದೆ ಎಂದು ತಿಳಿಹೇಳಿ, ಅವನ ಜೊತೆ ಬದುವಿನ ಮೇಲೆ ಕೂತೆ. ಅಷ್ಟು ಸಣ್ಣ ಜೀವ, ಕಾಲಿಗೆ ಹಳದಿ ಪುಡಿಯ ಮೂಟೆ ಕಟ್ಟಿಕೊಂಡು, ಯಾರನ್ನೂ ದಾರಿ ಕೇಳದೆ ನೆಟ್ಟಗೆ ತನ್ನ ಮನೆಗೇ ಹೋಗುವುದನ್ನು ಎಷ್ಟು ಸಲ ಕಂಡರೂ ನನಗೆ ಮೈ ಜುಮ್ಮೆನ್ನುತ್ತದೆ. ಅವನೂ ಬಾಯಿ ಬಿಟ್ಟುಕೊಂಡು ನೋಡಿದ. ಆ ವರ್ಷ ಫಸಲೂ ಚೆನ್ನಾಗಿ ಬಂತು. ಮರುವರ್ಷ ಮತ್ತೆ ಅವನೇ ಓಡಿ ಬಂದ.

“ಈ ಸಲ ಉಳ ನಮ್ ಒಲ ಬುಟ್ಟು ಪಕ್ಕದೋನ್ ಒಲಕ್ಕೆ ಓಯ್ತಾವೆ ಸಾ. ಮೈಸೂರು ದಿವಾನ್ರಿಗೆ ಒಂದರ್ಜಿ ಬರ್ಕೊಡಿ!”

ಹಗ್ಗ ಹಿಡಿಯುವವನು

ಹೂಗ್ಯಂ ಕಡೆಯ ಕಾಡಿನಲ್ಲಿ ಹೆಜ್ಜೇನು ಇಳಿಸುವವನೊಬ್ಬನಿದ್ದ. ಅವನ ತುಪ್ಪವನ್ನೂ ನಮ್ಮ ಅಂಗಡಿಗೆ ತರಿಸೋಣವೆಂದು ಹೋದೆ. ನನ್ನ ತಲೆಗೆ ಬಲೆಯ ಟೋಪಿ, ಕೈಗೆ ದಪ್ಪ ಬಟ್ಟೆಯ ಗವಸು, ಕಾಲಿಗೆ ಬೂಟ್ಸು. ಅವನ ಮೈಮೇಲೆ ಒಂದು ತುಂಡು ಬಟ್ಟೆ. ಕೆಳಗೆ ನೋಡಿದರೆ ತಲೆ ತಿರುಗುವ ಬಂಡೆಯ ಅಂಚಿನಿಂದ ಬಳ್ಳಿಯ ಏಣಿ ಇಳಿಬಿಟ್ಟು, ಹೊಗೆಯುವ ಸೊಪ್ಪಿನ ಕಂತೆ ಹಿಡಿದು, ಹಾಡು ಹೇಳಿಕೊಂಡು ಇಳಿದೇಬಿಟ್ಟ. ಹುಳ ಭೋರೆಂದು ಎದ್ದು ಅವನನ್ನೇ ಮುಚ್ಚಿದವು. ಹಾಡು ನಿಲ್ಲಲಿಲ್ಲ. ಜೇನುಹುಟ್ಟಿನಲ್ಲಿ ಒಂದು ಭಾಗವನ್ನು ಹುಳಗಳಿಗೇ ಬಿಟ್ಟು ಮೇಲೆ ಬಂದಾಗ ನಾನು ಟೋಪಿ ತೆಗೆದು ಕೈಮುಗಿದೆ.

ಅಷ್ಟೂ ಹೊತ್ತು ಮೇಲೆ ಏಣಿಯ ಹಗ್ಗ ಹಿಡಿದಿದ್ದವನು ಅವನ ಜೊತೆ ಬಂದಿದ್ದ ಒಬ್ಬನೇ. ಪಾಪ ಅನ್ನಿಸಿ, “ಮುಂದಿನ ಬಂಡೆಗೆ ನಾನು ಹಿಡಿಯಲೇನಪ್ಪ?” ಎಂದೆ.

ಜೇನಿನವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ನಿಮ್ ತಂಗೀನ ನಂಗ್ ಕೊಟ್ಟಿದ್ದೀರಾ ಸಾ?”

ಆಮೇಲೆ ಅವನೇ ಬಿಡಿಸಿ ಹೇಳಿದ. “ಅಗ್ಗ ಇಡಿಯೋನು ಎಂಡ್ತಿ ಅಣ್ಣನೋ ತಮ್ಮನೋ ಆಗ್ಬೇಕು. ಒಡಹುಟ್ದೋಳು ಗಂಡನ್ನ ಕಳ್ಕತಾಳಲ್ಲ ಅಂತ ಕೈ ಬುಡಕಿಲ್ಲ. ನೀವು ಸರ್ಕಾರ್ದೋರು, ಅರ್ಜೆಂಟ್ ಕಾಗ್ದ ಬಂತು ಅಂತ ಬುಟ್ಟು ಎದ್ದೋದ್ರೆ?”

ಸಕ್ಕರೆಯ ಸುದ್ದಿ

ಅಪ್ಪಟ ಜೇನುತುಪ್ಪವೂ ಚಳಿಗೆ ಹರಳುಗಟ್ಟುತ್ತದೆ, ಬಿಸಿಲಿಗಿಟ್ಟರೆ ಕರಗುತ್ತದೆ. ಆ ಸಲದ ಚಳಿಗೆ ಗೌಡತಿಯವರ ತುಪ್ಪ ಸೀಸೆಗಳಲ್ಲೇ ಹರಳಾಗಿ ಕೂತಿತು. ಕೊಳ್ಳೇಗಾಲದ ರೇಷ್ಮೆ ನೇಕಾರರೊಬ್ಬರು ತುಂಬಿದ ಅಂಗಡಿಯಲ್ಲಿ ಸೀಸೆ ಎತ್ತಿ ತೋರಿಸಿ, “ಸಕ್ಕರೆ ಬೆರೆಸವ್ರೆ!” ಎಂದು ಕೂಗಿದರು. ಅದೋ ರೇಷನ್ ಕಾಲ. “ಸ್ವಾಮಿ, ಕಾಫಿಗೇ ಸಕ್ಕರೆ ಇಲ್ಲ, ಬೆರೆಸೋಕೆ ಎಲ್ಲಿಂದ ತರಲಿ?” ಎಂದು ಗೋಗರೆದೆ. ಯಾರು ಕೇಳಬೇಕು? ಅಂಗಡಿ ಕ್ಷಣದಲ್ಲಿ ಖಾಲಿಯಾಯಿತು.

ಸಂಜೆ ಆ ನೇಕಾರರ ಹೆಂಡತಿ ಸೆರಗಿನ ಮರೆಯಲ್ಲಿ ಚೀಲ ಹಿಡಿದು ಬಂದರು. “ನಮ್ ಯಜಮಾನ್ರು ಏಳಿದ್ರು, ಸಕ್ಕರೆ ಐತಂತಲ್ಲ. ಎರಡು ಸೀಸೆ ಕೊಡಿ. ಯಾರ್ಗೂ ಏಳ್ಬ್ಯಾಡಿ.”

ಸಂತೆಯ ಪರೀಕ್ಷೆ

ನೇಕಾರರ ಹೆಂಡತಿಯೊಬ್ಬರನ್ನು ಬಿಟ್ಟರೆ ಇನ್ನಾರೂ ಕೊಳ್ಳಲಿಲ್ಲ. ಕೊನೆಗೆ ಗೌಡತಿ ತುಪ್ಪವನ್ನು ಬಿಸಿಲಿಗಿಟ್ಟು ಕರಗಿಸಿ, ತಾವೇ ತುಪ್ಪದ ಗಡಿಗೆ ಹೊತ್ತು ಸಂತೆಗೆ ಬಂದರು. ಹಿಂದೆಯೇ ಮೈದುನ. “ಇದೇ ಕೊನೆ ಅತ್ಗೆ. ಇವತ್ತು ಗಡ್ಗೆ ಖಾಲಿ ಆಗ್ನಿಲ್ಲ ಅಂದ್ರೆ ನಾಳೀಕೆ ಪೆಟ್ಗೇಲೇ ನೀರ್ ಕಾಯ್ಸದು.”

ಎದುರಿಗೇ ಒಬ್ಬ ಬೆಲ್ಲದ ಪಾಕದವನು ಕೂತಿದ್ದ. ಪಾಕದ ಮೇಲೆ ಒಂದು ಜೇನುಹುಟ್ಟು, ಪಕ್ಕದಲ್ಲಿ ಒಂದು ಕಂದು ನಾಯಿ. ಅಪ್ಪಟ ಜೇನನ್ನು ನಾಯಿ ಮುಟ್ಟುವುದಿಲ್ಲ ಎಂಬುದು ನಮ್ಮ ಜನರ ನಂಬಿಕೆ. ಅವನು ಹಿತ್ತಾಳೆ ಬಟ್ಟಲಿಗೆ ಪಾಕ ಹಾಕಿ ನಾಯಿಯ ಮುಂದಿಟ್ಟ. ಅದು ಒಮ್ಮೆ ಮೂಸಿ, ಮಠದ ಸ್ವಾಮಿಗಳ ಹಾಗೆ ಮುಖ ತಿರುಗಿಸಿ ಕೂತಿತು. ಜನ “ಆಹಾ!” ಎಂದರು. ನಿಜ ಹೇಳುತ್ತೇನೆ, ನಾನೂ ಎಂದೆ.

ಯಾರೋ ಗೌಡತಿಯವರ ತುಪ್ಪವನ್ನೂ ಎಲೆಗೆ ಹಾಕಿ ಬೀದಿನಾಯಿಯೊಂದಕ್ಕೆ ಒಡ್ಡಿದರು. ಅದು ತುಪ್ಪ ನೆಕ್ಕಿತು, ಎಲೆ ನೆಕ್ಕಿತು, ಹಾಕಿದವನ ಕೈಯನ್ನೂ ನೆಕ್ಕಿತು. “ಕಲಬೆರಕೆ! ಕಲಬೆರಕೆ!” ಎಂದು ಜನ ಬೊಬ್ಬೆ ಹಾಕಿದರು. ಮೈದುನ ಗಡಿಗೆಗೆ ಕೈ ಹಾಕಿದ.

“ತಡ್ಕೊ ಕಣಪ್ಪ” ಎಂದರು ಗೌಡತಿ. ಎದ್ದು ಹೋಗಿ ಆ ಹಿತ್ತಾಳೆ ಬಟ್ಟಲನ್ನು ತೊಳೆದು, ತಾವು ಬುತ್ತಿಗೆ ತಂದಿದ್ದ ಮೊಸರನ್ನವನ್ನು ಅದಕ್ಕೆ ಹಾಕಿ ಕಂದು ನಾಯಿಯ ಮುಂದಿಟ್ಟರು. ನಾಯಿ ಮೂಸಿತು, ಮುಖ ತಿರುಗಿಸಿತು.

“ಓಹೋ, ನಮ್ಮನೆ ಮೊಸ್ರನ್ನನೂ ಅಪ್ಪಟ ಜೇನೇ ಕಣ್ರಪ್ಪಾ!”

ಜನ ಗೊಳ್ಳೆಂದರು. ಪಕ್ಕದ ಮಾಂಸದಂಗಡಿಯವನಿಗೂ ಉತ್ಸಾಹ ಬಂತು. ಒಂದು ಕುರಿಮೂಳೆ ತಂದು ಬಟ್ಟಲಿಗೆ ಹಾಕಿದ. ಗೌಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾಯಿಯ ಬಾಯಲ್ಲಿ ಜೊಲ್ಲು ಧಾರೆಯಾಗಿ ಸುರಿಯಿತು, ಮೈ ನಡುಗಿತು, ಆದರೂ ಮುಖ ತಿರುಗಿಸಿಯೇ ಕೂತಿತು. ಅಂಥ ನಿಯತ್ತನ್ನು ನನ್ನ ಸರ್ವಿಸಿನಲ್ಲಿ ಯಾವ ಆಫೀಸಿನಲ್ಲೂ ನಾನು ಕಾಣಲಿಲ್ಲ. ಆದರೆ ಅದು ಕಲಿತ ಪಾಠ ಬಟ್ಟಲಿಗಷ್ಟೇ; ಮಾಂಸದವನು ಮೂಳೆಯನ್ನು ನೆಲಕ್ಕೆ ಹಾಕಿದ್ದೇ ತಡ, ಗಬಕ್ಕನೆ ಕಚ್ಚಿಕೊಂಡು ಓಡಿತು. ಹಿಂದೆಯೇ ಪಾಕದವನೂ ಗಂಟುಮೂಟೆ ಕಟ್ಟಿದ.

ಗಡಿಗೆ ಅಂದೇ ಖಾಲಿಯಾಯಿತು. ಜನ ಹಳೆಯ ನಂಬಿಕೆಯನ್ನು ಬಿಟ್ಟರು, ಆದರೆ ಪರೀಕ್ಷೆ ಮಾಡುವುದನ್ನು ಬಿಡಲಿಲ್ಲ. ನಾಯಿ ನೆಕ್ಕಿದ್ದೇ ಅಪ್ಪಟ ಎಂದು ತೀರ್ಮಾನವಾಗಿ, ಮುಂದಿನ ಸಂತೆಗೆ ಒಬ್ಬೊಬ್ಬರೂ ತಮ್ಮ ತಮ್ಮ ನಾಯಿ ಹಿಡಿದುಕೊಂಡು ಬಂದರು. ಪೆಟ್ಟಿಗೆಗಳನ್ನು ಒಲೆಗೆ ಹಾಕುತ್ತೇನೆಂದಿದ್ದ ಮೈದುನ ಕೋಲು ಹಿಡಿದು ಗಡಿಗೆಯ ಪಕ್ಕದಲ್ಲಿ ನಿಂತು ಕೂಗುತ್ತಿದ್ದ:

“ಸಾಲಾಗಿ ಬನ್ರಪ್ಪಾ, ಒಂದ್ ನಾಯ್ಗೆ ಒಂದೇ ತೊಟ್ಟು!”