ಜನವೋ ಜನ

ಭಾವನವರು ಆ ಅಂಗಡಿಯನ್ನು ಆರಿಸಿದ್ದು ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು. ಒಳಗೆ ಕಾಲಿಟ್ಟದ್ದು ಹಣ ಕೊಟ್ಟ ಮೇಲೆ.

'ಭಾವ' ಅವರ ಹೆಸರಲ್ಲ. ಹೆಂಡತಿಯ ತಮ್ಮನ ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸ ಅವರದು. ಆ ಭಾಮೈದ ಮೂಗಿನಲ್ಲೇ ರಾಗ ಎಳೆದು, "ಭಾ...ವ, ಮತ್ತೆ ತಪ್ಪು ಎಣಿಸಿದ್ರಲ್ಲಾ!" ಎಂದು ಕೂಗಿ ಕೂಗಿ, ಆಳುಗಳು, ಲಾರಿ ಡ್ರೈವರುಗಳು, ಕೊನೆಗೆ ಗೇಟಿನ ಕಾವಲುಗಾರ ಕೂಡ ಭಾವ ಅಂತಲೇ ಕರೆಯತೊಡಗಿದ್ದರು. ಗೋದಾಮಿನವರ ಅಕ್ಕಂದಿರನ್ನೆಲ್ಲ ಒಬ್ಬರೇ ಕಟ್ಟಿಕೊಂಡ ಹಾಗಾಗಿತ್ತು ಅವರ ಪಾಡು. ಆ ರಾಗದಿಂದ ಪಾರಾಗಲೆಂದೇ ಅಂಗಡಿ.

'ರಿಪೇರಿ ಮತ್ತು ಮಾರಾಟ' ಎಂಬ ಬೋರ್ಡು. ಫ್ಯಾನು, ಮಿಕ್ಸಿ, ರೇಡಿಯೋಗಳಿಂದ ಸೂರು ಮುಟ್ಟಿದ ಕಪಾಟುಗಳು. ಬೆಳಗಿನಿಂದ ಸಂಜೆಯವರೆಗೂ ಜನವೋ ಜನ. ಬಂದವರೆಲ್ಲ ಬರಿಗೈಯಲ್ಲೇ ಹೊರಗೆ ಬರುತ್ತಿದ್ದರು ನಿಜ. ಆದರೆ ಭಾವನವರು ಅದಕ್ಕೂ ಅರ್ಥ ಹಚ್ಚಿಕೊಂಡಿದ್ದರು: ಪಾಪ, ಆರ್ಡರು ಕೊಟ್ಟು ಹೋಗುತ್ತಿದ್ದಾರೆ!

"ಸಂಜೆ ನನ್ನ ತಮ್ಮನ್ನ ಕರ್ಕೊಂಡು ಬರ್ತೀನಿ," ಎಂದಿದ್ದಳು ಹೆಂಡತಿ. "ಅಂಗಡಿ ಅಂಗಡಿ ಥರ ಇದ್ರೆ ಸರಿ. ಇಲ್ದಿದ್ರೆ ನಾಳೆಯಿಂದ ಮತ್ತೆ ಮೂಟೆ."

ಮೊದಲ ದಿನ ಮೊದಲು ಬಂದವರು ನಿವೃತ್ತ ಹೆಡ್‌ಮಿಸ್ಸು.

"ನನ್ನ ಫ್ಯಾನು," ಎಂದರು, ಉಕ್ತಲೇಖನ ಹೇಳುವವರಂತೆ.

"ಯಾವುದು ಬೇಕೋ ಆರಿಸ್ಕೊಳ್ಳಿ, ಅಮ್ಮಾ!"

"ಆರಿಸೋದೇನು? ಎಡಗಡೆ, ಮೇಲಿನ ಸಾಲು. ಹೋದ ಬೇಸಿಗೇಲಿ ರಿಪೇರಿಗೆ ಕೊಟ್ಟದ್ದು. 'ನಾಳೆ ಬನ್ನಿ' ಅಂದಿದ್ದ. ಇನ್ನೊಂದು ಬೇಸಿಗೆ ಬಂತು."

ಹಿಂದೆ ನಿಂತಿದ್ದವನು ಕತ್ತು ಚಾಚಿದ. "ಅದರ ಪಕ್ಕದ ರೇಡಿಯೋ ನಂದು ಸಾರ್."

"ಕೆಳಗಿನ ಮಿಕ್ಸಿ ನಮ್ದು," ಎಂದಿತು ಅವನ ಹಿಂದಿನ ಧ್ವನಿ.

ಭಾವನವರು ಹಳೇ ಮಾಲೀಕನಿಗೆ ಫೋನು ಹಚ್ಚಿದರು.

"ಏನ್ರೀ ಇದು! ಸಾಮಾನೆಲ್ಲ ಜನರದ್ದಂತೆ!"

"ಮತ್ತೆ? ರಿಪೇರಿ ಅಂಗಡೀಲಿ ಇನ್ಯಾರದ್ದು ಇರುತ್ತೆ ಸ್ವಾಮಿ?" ಬೆಣ್ಣೆಯಂಥ ದನಿ.

"ಗಿರಾಕಿ ಜಾಸ್ತಿ ಅಂದ್ರಲ್ಲ!"

"ಜಾಸ್ತಿ ಬರ್ತಾರೆ ಅಂದೆ. ಯಾಕೆ ಬರ್ತಾರೆ ಅಂತ ನೀವು ಕೇಳ್ಲಿಲ್ಲ."

ಫೋನು ಕಟ್ಟಾಯಿತು.

"ಕೊಡ್ತೀರೋ, ಪೊಲೀಸರನ್ನ ಕರೀಲೋ?" ಹೆಡ್‌ಮಿಸ್ಸು ಕೇಳಿದರು. ಭಾವನವರು ಸ್ಟೂಲು ಹತ್ತಿ ಫ್ಯಾನು ಇಳಿಸಿಕೊಟ್ಟರು. ಅದೇ ಎಡವಟ್ಟಾಯಿತು. ಎದುರಿನ ಚಹಾದವನು ಬೀದಿಗೆ ಬಂದು, ಬಸ್ಸಿಗೆ ಜನ ಕರೆಯುವ ಕಂಡಕ್ಟರನಂತೆ ಕೂಗತೊಡಗಿದ: "ಹೊಸ ಯಜಮಾನ್ರು ಸಾಮಾನು ಕೊಡ್ತಾ ಇದಾರೇ! ಬೇಗ ಬನ್ರೀ, ಬೇಗ ಬೇಗ!"

ವರ್ಷಗಟ್ಟಲೆ ಆಸೆ ಬಿಟ್ಟು ಕೂತಿದ್ದವರೆಲ್ಲ ಓಡಿ ಬಂದರು. ಇಸ್ತ್ರಿಪೆಟ್ಟಿಗೆ ಹೋಯಿತು, ಹೊಲಿಗೆ ಯಂತ್ರ ಹೋಯಿತು. ಒಬ್ಬ ಗೋಡೆ ಗಡಿಯಾರ ಕಳಚಿಕೊಂಡ. ಇನ್ನೊಬ್ಬ ತಲೆಯೆತ್ತಿ ನೋಡಿ, ಅಂಗಡಿಯ ಸೂರಿನಲ್ಲಿ ಗಿರಗಿರನೆ ತಿರುಗುತ್ತಿದ್ದ ಫ್ಯಾನಿನತ್ತ ಬೆರಳು ತೋರಿಸಿದ.

"ಅದು ಚೆನ್ನಾಗೇ ತಿರುಗ್ತಾ ಇದೆಯಲ್ಲಪ್ಪಾ!" ಭಾವನವರು ಅಂಗಲಾಚಿದರು.

"ರಿಪೇರಿ ಆಗಿದ್ದು ಅದೊಂದೇ ಸಾರ್. ಅದಕ್ಕೇ ಆ ಮನುಷ್ಯ ತಾನೇ ಇಟ್ಕೊಂಡ."

ಮಧ್ಯಾಹ್ನದ ಹೊತ್ತಿಗೆ ಬಡಗಿಯೊಬ್ಬ ಬಂದು ಭಾವನವರು ಕೂತಿದ್ದ ಕುರ್ಚಿಯ ಪಕ್ಕದಲ್ಲಿ ನಿಂತ.

"ನಿಮ್ದೇನು?"

"ನೀವು ಎದ್ರೆ ತಗೊಂಡು ಹೋಗ್ತೀನಿ."

ಸಂಜೆಗೆ ಅಂಗಡಿ ಬೋಳಿಸಿದ ತಲೆಯಂತಾಯಿತು. ಉಳಿದದ್ದು ಕಪಾಟು ಮತ್ತು ಭಾವನವರು. ಕಪಾಟಿಗೂ ಯಾರಾದರೂ ಬಂದಾರೆಂದು ಅವರು ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಬಂದದ್ದು ಹೆಂಡತಿ ಮತ್ತು ಭಾಮೈದ.

ಹೆಂಡತಿ ಖಾಲಿ ಗೋಡೆ ನೋಡಿದಳು. ಭಾವನವರು ಕಣ್ಣು ಮುಚ್ಚಿದರು. ನಾಳೆಯ ಮೂಟೆಗಳು ಕಣ್ಣ ಮುಂದೆ ಸಾಲುಗಟ್ಟಿದವು.

"ರೀ... ಒಂದೇ ದಿನಕ್ಕೆ ಎಲ್ಲಾ ಖರ್ಚಾಯ್ತಾ!"

ಕಣ್ಣು ಬಿಟ್ಟರೆ ಭಾಮೈದ ಕೈ ಮುಗಿದು ನಿಂತಿದ್ದ. ಮೂಗಿನಲ್ಲಿ ರಾಗವೇ ಇಲ್ಲ. "ಬೆಳಿಗ್ಗೆಯಿಂದ ಎದುರು ಬೆಂಚಲ್ಲಿ ಕೂತು ನೋಡ್ದೆ ಭಾವ. ಬಂದವರು ಒಬ್ರೂ ಬರಿಗೈಲಿ ಹೋಗ್ಲಿಲ್ಲ! ನಿಮ್ಮಂಥೋರ ಕೈಲಿ ಮೂಟೆ ಎಣಿಸೋ ಕೆಲಸ ಮಾಡಿಸಿದ್ನಲ್ಲಾ, ನಾನೆಂಥ ಮೂರ್ಖ!"

ನಿಜ ಹೇಳಲು ಭಾವನವರು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿದರು. ಮದುವೆಯಾದಂದಿನಿಂದ ಅವಳು ಗಂಡನನ್ನು ಇಷ್ಟು ಹೆಮ್ಮೆಯಿಂದ ನೋಡಿರಲಿಲ್ಲ.

"ಹೂಂ," ಎಂದರು, ಮೀಸೆಯ ಮೇಲೆ ಕೈಯಾಡಿಸಿ. "ಏನೋ, ಪರವಾಗಿಲ್ಲ."

"ನಾಳೆಯಿಂದ ನೀವೇ ಯಜಮಾನ್ರು, ನಾನು ನಿಮ್ಮ ಕೈಕೆಳಗೆ. ಮಧ್ಯಾಹ್ನವೇ ಹೋಗಿ ನಿಮ್ಮ ಹಳೇ ಮಾಲೀಕರನ್ನ ಹಿಡ್ದೆ. ಇದೇ ಥರದ ಅಂಗಡಿ ಅವರದ್ದು ಇನ್ನೂ ಎರಡಿದೆ. ಎರಡನ್ನೂ ತಗೊಂಡುಬಿಟ್ಟೆ!"

ಭಾವನವರ ಕೈ ಮೀಸೆಯಲ್ಲೇ ನಿಂತಿತು. "ದುಡ್ಡು?"

"ದುಡ್ಡು ಯಾಕೆ? ಗೋದಾಮು ಬರೆದುಕೊಟ್ಟೆ."

"ಅಂಗಡಿ ಒಳಗೆ ಹೋಗಿ ಏನಾದ್ರೂ ಕೇಳಿದ್ಯಾ?"

"ಒಳಗೆ ಹೋಗೋಕೆ ಎಲ್ಲಿ ಬಿಡ್ತಾರೆ ಭಾವ?" ಭಾಮೈದನ ಮುಖ ಅರಳಿತು. "ಎರಡು ಕಡೆಯೂ ಬಾಗಿಲ ತನಕ ಜನ, ಎಲ್ರೂ ಜೋರಾಗಿ ಕೂಗ್ತಾ ಇದಾರೆ!"